ಜಾರಬೇಕು, ಕೈತಪ್ಪಬಾರದು

ಇಸ್ಪೀಟಿನ ಕಟ್ಟು ಕೊಳ್ಳುವಾಗ ಸಾಮಾನ್ಯವಾಗಿ ಎಲ್ಲರೂ ನೋಡುವುದು ಎರಡನ್ನು: ಹೊಳಪು ಮತ್ತು ಬಾಳಿಕೆ. ರಮ್ಮಿ ಆಡಲು ಕೂತವರಿಗೆ ಅಷ್ಟು ಸಾಕು. ಎಲೆಗಳನ್ನು ಬೆರಳ ತುದಿಯಲ್ಲಿ ಕುಣಿಸುವ ಜಾದೂಗಾರರಿಗೆ ಮಾತ್ರ ಈ ಎರಡೂ ಅಳತೆಗಳು ಸಾಲವು. ಅವರಿಗೆ ಎಲೆ ಸಲೀಸಾಗಿ ಜಾರಬೇಕು, ಆದರೆ ಹಿಡಿತ ತಪ್ಪಬಾರದು. ಈ ಹದವನ್ನು ಕೊಡುವುದು ಕಾಗದ, ಅದರ ಮೇಲ್ಮೈ ಮತ್ತು ಅಂಚು ಕತ್ತರಿಸಿದ ರೀತಿ. ಚಿನ್ನದ ಬಣ್ಣದ ಡಬ್ಬಿಗೂ ಇದಕ್ಕೂ ಸಂಬಂಧವಿಲ್ಲ.

1885ರಲ್ಲಿ ಅಮೆರಿಕದ ಸಿನ್ಸಿನಾಟಿಯಿಂದ ಹೊರಬಂದ ಬೈಸಿಕಲ್ ಇಸ್ಪೀಟು ಇಂದಿಗೂ ಜಾದೂಗಾರರ ಮೆಚ್ಚಿನ ಕಟ್ಟು. ಅದರ ಒಂದು ಎಲೆಯನ್ನು ಹತ್ತಿರದಿಂದ ನೋಡಿದರೆ ಕಾರಣ ತಿಳಿಯುತ್ತದೆ. ಅದು ಒಂದೇ ಹಾಳೆಯಲ್ಲ, ಎರಡು ಕಾಗದಗಳನ್ನು ಕಪ್ಪು ಅಂಟಿನಿಂದ ಬೆಸೆದದ್ದು. ಬೆಳಕಿಗೆ ಹಿಡಿದರೂ ರಾಜನೋ ಗುಲಾಮನೋ ಹಿಂದಿನಿಂದ ಕಾಣದಿರಲೆಂದೇ ಆ ಕಪ್ಪು. ಎಲೆಯನ್ನು ಓರೆಯಾಗಿ ಹಿಡಿದರೆ ಬಟ್ಟೆಯ ನೇಯ್ಗೆಯಂಥ ಸಣ್ಣ ಸಣ್ಣ ತಗ್ಗುಗಳು ಕಾಣಿಸುತ್ತವೆ. ಅವುಗಳಲ್ಲಿ ಗಾಳಿ ನಿಲ್ಲುತ್ತದೆ. ಎಲೆಗೆ ಎಲೆ ತಾಗುವ ಜಾಗ ಕಡಿಮೆಯಾಗುತ್ತದೆ. ಆದ್ದರಿಂದಲೇ ಕಟ್ಟನ್ನು ಬೀಸಣಿಗೆಯಾಗಿ ಬಿಚ್ಚಿದಾಗ ಐವತ್ತೆರಡು ಎಲೆಗಳೂ ಸಮ ಅಂತರದಲ್ಲಿ ಹರಡುತ್ತವೆ. ತೀರ ನುಣುಪಾದ ಅಗ್ಗದ ಎಲೆ ಹೊಸದರಲ್ಲಿ ಸರ್ರನೆ ಜಾರುತ್ತದೆ. ಕೈಬೆವರು ತಾಗಿತೋ, ಎರಡು ಮೂರು ಒಟ್ಟಿಗೇ ಅಂಟಿಕೊಂಡು ಬರುತ್ತವೆ.

ಕೈ ಪಳಗಿದ್ದರೆ ಯಾವ ಕಟ್ಟಾದರೇನು ಎಂದು ಕೇಳುವವರಿದ್ದಾರೆ. ನುರಿತ ಜಾದೂಗಾರರು ಯಾರದೋ ಹಳೆಯ ಕಟ್ಟು ಇಸಿದುಕೊಂಡೂ ಬೆರಗು ಹುಟ್ಟಿಸುತ್ತಾರೆ, ನಿಜ. ಆದರೆ ಫ್ಯಾರೋ ಎಂಬ ಕಲೆಸುವಿಕೆಯನ್ನು ನೋಡಿ. ಕಟ್ಟನ್ನು 26ರ ಎರಡು ಪಾಲು ಮಾಡಿ, ಅದರದೊಂದು ಇದರದೊಂದು ಎಂಬಂತೆ ಒಂದೂ ತಪ್ಪದೆ ಹೆಣೆಯಬೇಕು. ಮೇಲಿನ ಎಲೆ ಮೇಲೆಯೇ ಉಳಿಯುವಂತೆ 8 ಸಲ ಹೆಣೆದರೆ ಇಡೀ ಕಟ್ಟು ಮೊದಲಿನ ಕ್ರಮಕ್ಕೆ ಮರಳುತ್ತದೆ. ನಡುವೆ ಎರಡು ಎಲೆ ಜೊತೆಯಾಗಿ ಬಿದ್ದರೆ ಲೆಕ್ಕವೆಲ್ಲ ಕೆಟ್ಟಿತು. ಕಾರ್ಖಾನೆಯ ಅಲಗು ಒಂದು ಮಗ್ಗುಲಿಂದ ಹೊಕ್ಕು ಇನ್ನೊಂದರಿಂದ ಹೊರಬರುವುದರಿಂದ ಎಲೆಯ ಅಂಚು ಒಂದು ಕಡೆ ತುಸು ದುಂಡಗೆ, ಇನ್ನೊಂದು ಕಡೆ ತುಸು ಚೂಪಾಗಿರುತ್ತದೆ. ಹಾಗಾಗಿ ಕಟ್ಟು ಒಂದು ದಿಕ್ಕಿನಿಂದ ಸುಲಭವಾಗಿ ಹೆಣೆದುಕೊಳ್ಳುತ್ತದೆ, ಎದುರು ದಿಕ್ಕಿನಿಂದ ತಡೆಯುತ್ತದೆ. ಮೊಂಡಾದ ಅಲಗಿನಿಂದ ಕತ್ತರಿಸಿ ನಾರೆದ್ದ ಅಂಚು ಎರಡೂ ಕಡೆ ಸಿಕ್ಕಿಕೊಳ್ಳುತ್ತದೆ. ಕಲಿಯುವವರಿಗಂತೂ ಇದು ದೊಡ್ಡ ನಷ್ಟ: ತಪ್ಪು ಬೆರಳಿನದೋ ಎಲೆಯದೋ ಎಂಬುದೇ ತಿಳಿಯುವುದಿಲ್ಲ.

ಪ್ಲಾಸ್ಟಿಕ್ ಎಲೆಗಳ ಪರವಾಗಿರುವ ವಾದ ಇದಕ್ಕಿಂತ ಗಟ್ಟಿ. ಅವು ಹರಿಯುವುದಿಲ್ಲ, ತೊಳೆಯಬಹುದು. ಕರಾವಳಿಯ ಮಳೆಗಾಲದಲ್ಲಿ ಕಾಗದದ ಎಲೆ ತೇವ ಹೀರಿ ಬಾಗಿದರೂ ಇವು ನೆಟ್ಟಗಿರುತ್ತವೆ. ದಿನವಿಡೀ ಆಟ ನಡೆಯುವ ಮೇಜಿಗೆ ಅವೇ ಸರಿ. ಕೈಚಳಕಕ್ಕೆ ತೊಡಕಾಗುವುದೂ ಆ ನೆಟ್ಟಗಿರುವ ಗುಣವೇ. ಪ್ರೇಕ್ಷಕರ ಕಣ್ಣಿಗೆ ಬೀಳದಂತೆ ಎಲೆಯ ಮೂಲೆಯನ್ನು ಕೂದಲೆಳೆಯಷ್ಟು ಬಾಗಿಸಿ ಗುರುತಿಟ್ಟುಕೊಳ್ಳುವುದು ಜಾದೂಗಾರರ ಹಳೆಯ ಉಪಾಯ. ಕಾಗದ ಆ ಬಾಗನ್ನು ಉಳಿಸಿಕೊಳ್ಳುತ್ತದೆ. ಪ್ಲಾಸ್ಟಿಕ್ ಮತ್ತೆ ಚಪ್ಪಟೆಯಾಗುತ್ತದೆ. ಕಾಗದದ ಕಟ್ಟು ಬೇಗ ಸವೆಯುವುದು ದಿಟ. ಆದರೆ ಅದರ ಬೆಲೆ ಕಡಿಮೆ. ಸವೆದದ್ದನ್ನು ಮನೆಯ ರಮ್ಮಿಗೆ ಬಿಟ್ಟು ಅಭ್ಯಾಸಕ್ಕೆ ಹೊಸದನ್ನು ಒಡೆಯಬಹುದು.