ವೈನ್ ಪಟ್ಟಿಯ ಅರ್ಥಶಾಸ್ತ್ರ

ನಮ್ಮ ಊರಿನಲ್ಲಿ ‘ವೈನ್ಸ್’ ಎಂಬ ಫಲಕ ತೂಗಿದ ಅಂಗಡಿಗಳಿಗೆ ಕೊರತೆಯಿಲ್ಲ. ಯಶವಂತಪುರದಿಂದ ಯಲಹಂಕಕ್ಕೆ ಹೋಗುವಾಗ ಅವುಗಳನ್ನು ಎಣಿಸುತ್ತ ಕುಳಿತರೆ ಬೆರಳುಗಳು ಸಾಲವು. ಒಳಹೊಕ್ಕು ನೋಡಿದರೆ ಅಲ್ಲಿರುವುದು ಬಹುಪಾಲು ಬ್ರಾಂದಿ, ವಿಸ್ಕಿ, ರಮ್ಮು, ಬಿಯರು. ವೈನ್ ಮೂಲೆಯ ಕಪಾಟಿನಲ್ಲಿ ಧೂಳು ಹಿಡಿದು ನಿಂತಿರುತ್ತದೆ. ಹೆಸರೊಂದು, ಸರಕು ಇನ್ನೊಂದು. ಇಂಥ ಊರಿನಲ್ಲಿ ಪಬ್ಬೊಂದರ ವೈನ್ ಪಟ್ಟಿಯ ಬಗ್ಗೆ ಗಂಭೀರವಾಗಿ ಬರೆಯಹೊರಟ ನನ್ನನ್ನು ಓದುಗರು ಮನ್ನಿಸಬೇಕು. ಸಂವಿಧಾನದ 47ನೇ ವಿಧಿಯು ಪಾನನಿರೋಧವನ್ನು ರಾಜ್ಯನೀತಿಯ ಗುರಿಯಾಗಿ ಹೇಳಿದೆ ಎಂಬುದನ್ನು ಮೂರು ದಶಕ ಸರ್ಕಾರಿ ಸೇವೆಯಲ್ಲಿದ್ದ ನಾನು ಮರೆತಿಲ್ಲ. ಅದೇ ಸರ್ಕಾರದ ಬೊಕ್ಕಸಕ್ಕೆ ಅಬಕಾರಿ ವರಮಾನ ಎಷ್ಟು ಮುಖ್ಯವೆಂಬುದನ್ನೂ ಮರೆತಿಲ್ಲ.

ಸಂಗತಿ ಇಷ್ಟು. ನನ್ನ ತಂಗಿಯ ಮಗ ಸಾಫ್ಟ್‌ವೇರ್ ಕೆಲಸ ಬಿಟ್ಟು ಇಬ್ಬರು ಗೆಳೆಯರೊಡನೆ ಹೆಬ್ಬಾಳದ ಆಚೆ ಪಬ್ ರೆಸ್ಟೋರೆಂಟ್ ತೆರೆಯುವ ಸಾಹಸಕ್ಕೆ ಕೈಹಾಕಿದ್ದಾನೆ. ತಂಗಿಯ ಉಳಿತಾಯದ ಒಂದು ಪಾಲೂ ಅದರಲ್ಲಿದೆ. ಒಂದು ಭಾನುವಾರ ಬೆಳಿಗ್ಗೆ ಆರು ಪುಟಗಳ ವೈನ್ ಪಟ್ಟಿಯನ್ನು ನನ್ನ ಮುಂದಿಟ್ಟು, “ಮಾಮ, ನೀವು ಎಕನಾಮಿಕ್ಸ್ ಓದಿದವರು, ಇದನ್ನೊಮ್ಮೆ ನೋಡಿ” ಎಂದ. ಒಟ್ಟು 42 ವೈನುಗಳು. ಬೆಲೆ ಹೇಗೆ ನಿಗದಿ ಮಾಡಿದೆ ಎಂದು ಕೇಳಿದೆ. “ಕೊಂಡ ಬೆಲೆಯ ಮೂರು ಪಟ್ಟು. ಎಲ್ಲರೂ ಹಾಗೆಯೇ ಮಾಡುವುದು.”

‘ಎಲ್ಲರೂ ಮಾಡುವುದು’ ಎಂಬ ಮಾತನ್ನು ಕೇಳಿದಾಗಲೆಲ್ಲ ನಾನು ಪೆನ್ನು ಹುಡುಕುತ್ತೇನೆ. ಲೆಕ್ಕದ ಸುಲಭಕ್ಕೆ 600 ರೂಪಾಯಿಗೆ ಕೊಂಡ ಒಂದು ಬಾಟಲಿ, 1,500ಕ್ಕೆ ಕೊಂಡ ಇನ್ನೊಂದು ಎಂದಿಟ್ಟುಕೊಳ್ಳೋಣ. ಮೂರು ಪಟ್ಟಿನ ಸೂತ್ರದಲ್ಲಿ ಮೊದಲನೆಯದು 1,800, ಎರಡನೆಯದು 4,500. ಮೊದಲನೆಯದರಲ್ಲಿ ಮಾಲೀಕನಿಗೆ ಉಳಿಯುವುದು 1,200, ಎರಡನೆಯದರಲ್ಲಿ 3,000. ಆದರೆ ಎರಡೂ ಬಾಟಲಿಗಳನ್ನು ಮೇಜಿಗೆ ತರುವ ಹುಡುಗ ಒಬ್ಬನೇ, ಲೋಟ ತೊಳೆಯುವ ಶ್ರಮ ಒಂದೇ, ಬಾಡಿಗೆಯ ಚದರಡಿಯೂ ಒಂದೇ. ಹೆಚ್ಚಿನ 1,800 ಯಾವ ಸೇವೆಗೆ? ಬಂಡವಾಳ ಕಟ್ಟಿಹಾಕಿಕೊಂಡಿರುತ್ತದಲ್ಲ ಎಂದು ಅಳಿಯ ವಾದಿಸಿದ. ಸರಿ, 900 ರೂಪಾಯಿ ಹೆಚ್ಚುವರಿ ಬಂಡವಾಳಕ್ಕೆ ವರ್ಷಕ್ಕೆ ಶೇ 12ರ ಬಡ್ಡಿಯಂತೆ ಎರಡು ತಿಂಗಳಿಗೆ 18 ರೂಪಾಯಿ. ಒಡೆಯುವುದು, ಕೆಡುವುದು ಎಂದು ಇನ್ನೊಂದು ನೂರು ಸೇರಿಸಿಕೊಳ್ಳಲಿ. ಅಲ್ಲಿಗೂ ಲೆಕ್ಕ ಕೂಡುವುದಿಲ್ಲ.

ಪ್ರತಿ ಬಾಟಲಿಗೂ ಹೆಚ್ಚುಕಡಿಮೆ ಒಂದೇ ಮೊತ್ತದ ಲಾಭ, 800 ಎಂದುಕೊಳ್ಳಿ, ಇಟ್ಟರೆ ಮೊದಲನೆಯದು 1,400, ಎರಡನೆಯದು 2,300 ಆಗುತ್ತದೆ. ಆಗ ಒಳ್ಳೆಯ ವೈನ್ ಕುಡಿಯಬಯಸುವ ಗಿರಾಕಿ ಹಿಂಜರಿಯುವುದಿಲ್ಲ. ಮಾಲೀಕನಿಗೆ ಬಾಟಲಿಯೊಂದಕ್ಕೆ ಉಳಿಯುವುದು ಕಡಿಮೆ, ನಿಜ. 4,500ರ ಬಾಟಲಿ ವಾರಕ್ಕೊಂದು ಹೋದರೆ ಹೆಚ್ಚು. 2,300ರದ್ದು ದಿನಕ್ಕೊಂದು ಹೋದರೂ ವಾರಕ್ಕೆ ಸಿಗುವುದು 3,000ದ ಬದಲು 5,600. ಹಾಗೆ ಹೋಗುತ್ತದೆಂಬ ಖಾತರಿಯೇನು ಎಂದು ಆತ ಕೇಳಿದ್ದು ನ್ಯಾಯವೇ. ಖಾತರಿಯಿಲ್ಲ. ಆದರೆ ಮಾರಾಟವಾಗದ ಬಾಟಲಿಯ ಮೂರು ಪಟ್ಟು ಸೊನ್ನೆಯೇ.

ಇನ್ನು 42ರ ಮಾತು. ಪಟ್ಟಿ ಉದ್ದವಾದಷ್ಟೂ ಗಿರಾಕಿಯ ಅಜ್ಞಾನ ಬೆಳೆಯುತ್ತದೆ. ಹೆಸರು ಉಚ್ಚರಿಸಲು ಬಾರದೆ, ಅತಿ ಅಗ್ಗದ್ದನ್ನು ಕೇಳಲು ಸಂಕೋಚಪಟ್ಟು, ಕೆಳಗಿನಿಂದ ಎರಡನೆಯ ಬೆಲೆಯದನ್ನು ತೋರಿಸಿ ಪಾರಾಗುತ್ತಾನೆ. ನಾನೂ ಎಷ್ಟೋ ಸಲ ಹಾಗೆಯೇ ಪಾರಾಗಿದ್ದೇನೆ. ಹನ್ನೆರಡು ಸಾಕು ಎಂದೆ. ಆದರೆ ಆ ಹನ್ನೆರಡೂ ಒಂದಕ್ಕೊಂದು ಬೇರೆಯಾಗಿರಬೇಕು. ಅವನ ಪಟ್ಟಿಯಲ್ಲಿ ಒಂಬತ್ತು ಬಗೆಯ ಕಾಬರ್ನೆ ಸೊವಿನ್ಯೋನ್ ಇತ್ತು. ತುಸು ಸಿಹಿಯುಳ್ಳ ಬಿಳಿ ವೈನ್ ಒಂದೂ ಇರಲಿಲ್ಲ.

ಇದು ಅಡುಗೆಮನೆಯನ್ನು ನೋಡದೆ ಮಾಡಿದ ಪಟ್ಟಿ. ಅವನ ಅಡುಗೆಯವರು ಮಾಡುವುದು ಕೋಳಿ ಕಬಾಬ್, ಆಂಧ್ರ ಚಿಲ್ಲಿ ಚಿಕನ್, ಗೀ ರೋಸ್ಟ್, ಗೋಬಿ ಮಂಚೂರಿ, ಮೆಣಸಿನಕಾಯಿ ಬಜ್ಜಿ, ವಾರಾಂತ್ಯಕ್ಕೆ ನಾಟಿ ಕೋಳಿ ಸಾರು, ಮುದ್ದೆ. ಗುಂಟೂರು ಮೆಣಸಿನ ಖಾರದ ಮೇಲೆ ಗಾಢವಾದ, ಒಗರಾದ ಕೆಂಪು ವೈನ್ ಬಿದ್ದರೆ ಖಾರ ಇಮ್ಮಡಿಯಾಗುತ್ತದೆ, ವೈನು ಕಹಿಯಾಗುತ್ತದೆ. ಅಲ್ಲಿಗೆ ಬೇಕಾದದ್ದು ನಾಸಿಕ್‌ನ ಶೆನಿನ್ ಬ್ಲಾಂಕ್‌ನಂಥದು, ತಂಪಾಗಿ, ನಾಲಿಗೆಗೆ ಕೊಂಚ ಸಿಹಿ ತಾಗುವಂತೆ. ಬಜ್ಜಿ, ಕಬಾಬಿನಂಥ ಕರಿದ ತಿಂಡಿಗೆ ನೊರೆಯುಕ್ಕುವ ವೈನ್ ಒಂದು, ಮಧ್ಯಾಹ್ನದ ಊಟಕ್ಕೆ ಗುಲಾಬಿ ಬಣ್ಣದ ರೋಸೆ ಒಂದು. ಕೆಂಪಿನಲ್ಲಿ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್ ಕಡೆಯ ಸಾಂಜೊವೇಸೆ ಹಗುರ. ಮಟನ್ನಿಗೆ ಶಿರಾಜ್ ಒಪ್ಪುತ್ತದೆ. ಕಾಬರ್ನೆ ಬೇಕೆನ್ನುವವರಿಗೆ ಕೊಪ್ಪಳ ಜಿಲ್ಲೆಯಲ್ಲಿ, ಹಂಪಿ ಹಿಲ್ಸ್ ಎಂಬ ಹೆಸರಿನಲ್ಲಿ ಬೆಳೆದದ್ದು ಒಂದೇ ಸಾಕು. ಅದು ಪಟ್ಟಿಯ ಅತಿ ದುಬಾರಿ ಬಾಟಲಿಯಾದರೂ ಬಾಧಕವಿಲ್ಲ.

ಆಮದಿನ ವೈನುಗಳನ್ನು ಹದಿನೆಂಟರಿಂದ ಎರಡಕ್ಕೆ ಇಳಿಸಿದೆವು. ಬಹುಕಾಲ ವಿದೇಶೀ ವೈನಿನ ಮೇಲೆ ಶೇ 150ರ ಸೀಮಾ ಸುಂಕವಿತ್ತು. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದಿಂದ ಆ ದೇಶದ ವೈನಿಗೆ, ಬಾಟಲಿಯ ಮೌಲ್ಯ ಐದು ಡಾಲರ್ ಮೀರಿದ್ದರೆ, ಸುಂಕ ಮೊದಲು ಶೇ 100ಕ್ಕೆ ಇಳಿದು, ಹತ್ತು ವರ್ಷಗಳಲ್ಲಿ ಶೇ 50ಕ್ಕೆ ಬರಬೇಕು. ಹಾಗಾಗಿ ಎರಡೂ ಆಸ್ಟ್ರೇಲಿಯಾದವೇ. ಫ್ರಾನ್ಸಿನ ಹೆಸರಿಗಾಗಿ ಸುಂಕ ಕುಡಿಯುವ ಗಿರಾಕಿ ವಿಮಾನ ನಿಲ್ದಾಣದ ದಾರಿಯಲ್ಲಿ ಬೇರೆ ಕಡೆ ಇಳಿದಾನು.

ನನಗೆ ನಿಜಕ್ಕೂ ಬೇಸರವಾದದ್ದು ಬೇರೊಂದು ಸಂಗತಿಗೆ. ಆ 42ರಲ್ಲಿ ನಂದಿ ಬೆಟ್ಟದ ತಪ್ಪಲಿನದ್ದು ಒಂದೂ ಇರಲಿಲ್ಲ. ಕನ್ವಲ್ ಗ್ರೋವರ್ ಅವರು ಫ್ರೆಂಚ್ ತಜ್ಞರ ನೆರವಿನಿಂದ ದೊಡ್ಡಬಳ್ಳಾಪುರದ ಬಳಿ ದ್ರಾಕ್ಷಿತೋಟ ಕಟ್ಟಿದ್ದು 1988ರಲ್ಲಿ. ಆ ಸಂಸ್ಥೆ 2012ರಲ್ಲಿ ನಾಸಿಕ್‌ನ ಕಂಪನಿಯೊಂದರ ಜೊತೆ ವಿಲೀನಗೊಂಡು ಗ್ರೋವರ್ ಝಂಪಾ ಆಯಿತು. ಅವರ ‘ಲಾ ರಿಸರ್ವ್’ ದೇಶದಲ್ಲೆಲ್ಲ ಹೆಸರು ಮಾಡಿದ ಕೆಂಪು ವೈನ್. ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ನಂದಿ ಕಣಿವೆಯನ್ನು ವೈನ್ ಪ್ರದೇಶವೆಂದು ಗುರುತಿಸಿದ್ದು 2007ರಲ್ಲಿ. ಹೆಬ್ಬಾಳದ ಮೇಲ್ಸೇತುವೆಯಿಂದ ಆ ತೋಟಗಳು ಹೆಚ್ಚು ದೂರವಿಲ್ಲ. ಆದರೂ ಪಟ್ಟಿಯಲ್ಲಿ ಚಿಲಿ ದೇಶವಿತ್ತು, ದೊಡ್ಡಬಳ್ಳಾಪುರವಿರಲಿಲ್ಲ. ಈಗ ಸೊವಿನ್ಯೋನ್ ಬ್ಲಾಂಕ್, ವಿಯೊನ್ಯೇ, ಒಂದು ಕಾಬರ್ನೆ-ಶಿರಾಜ್ ಮಿಶ್ರಣ, ಹೀಗೆ ಮೂರು ಅಲ್ಲಿಯವು. ಸಗಟಿನಲ್ಲಿ ಎಲ್ಲವೂ 2003ರಿಂದ ರಾಜ್ಯ ಪಾನೀಯ ನಿಗಮದ ಮಳಿಗೆಯ ಮೂಲಕವೇ ಬರಬೇಕಾದ್ದರಿಂದ ಪಕ್ಕದ ತೋಟದ್ದೆಂದು ಬೆಲೆ ಕಡಿಮೆಯಾಗದು. ಆದರೆ ಬಡಿಸುವ ಹುಡುಗನಿಗೆ ಹೇಳಲು ಒಂದು ಊರಿನ ಹೆಸರಾದರೂ ಸಿಗುತ್ತದೆ.

ಲೋಟದ ಲೆಕ್ಕಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. 750 ಮಿಲಿ ಲೀಟರಿನ ಬಾಟಲಿಯಲ್ಲಿ 150ರ ಐದು ಲೋಟ. 1,400ರ ಬಾಟಲಿಯ ಲೋಟಕ್ಕೆ 350 ಇಟ್ಟರೆ ಎರಡು ಲೋಟಕ್ಕೆ ಅಸಲು ಬಂತು, ನಾಲ್ಕಕ್ಕೆ ಪೂರ್ತಿ ಬೆಲೆ ಬಂತು. ಐದನೆಯದು ಕೆಟ್ಟುಹೋಗುವುದಕ್ಕೆ ಮೀಸಲು. ತೆರೆದ ಬಾಟಲಿಗೆ ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ ಬಾಳೀತು. ಐದು ಬಗೆಯನ್ನು ಮಾತ್ರ ಲೋಟದಲ್ಲಿ ಕೊಡು, ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಡು ಎಂದೆ. ಕಚೇರಿಯ ಹಳೆಯ ಅಭ್ಯಾಸ.

ಹಾಗೆ ಹೇಳಲು ಸ್ವಂತ ಅನುಭವವೂ ಕಾರಣ. ಕೆಲವು ವರ್ಷಗಳ ಹಿಂದೆ, ವಿವಾಹ ವಾರ್ಷಿಕೋತ್ಸವಕ್ಕೆಂದು ಮನೆಯಾಕೆಯನ್ನು ಹೋಟೆಲೊಂದಕ್ಕೆ ಕರೆದೊಯ್ದಿದ್ದೆ. ಏಪ್ರಿಲ್ ತಿಂಗಳು. ಕೊಟ್ಟ ಕೆಂಪು ವೈನ್ ಉಗುರುಬೆಚ್ಚಗಿತ್ತು, ಹುಣಸೆಗೊಜ್ಜಿನ ಹುಳಿ ಬಂದಿತ್ತು. ಕೇಳಿದರೆ, “ರೆಡ್ ವೈನ್ ಹೀಗೇ ಇರೋದು ಸಾರ್, ರೂಮ್ ಟೆಂಪರೇಚರ್” ಎಂದ ಬಡಿಸುವವ. ಆ ‘ರೂಮ್’ ಯುರೋಪಿನ ಚಳಿಯ ಕೋಣೆ. 16ರಿಂದ 18 ಡಿಗ್ರಿ. ಬೆಂಗಳೂರಿನ ಏಪ್ರಿಲ್ ಕೋಣೆ ಅಲ್ಲ. ಅಂದಿನಿಂದ ನನ್ನಾಕೆಗೆ ವೈನ್ ಎಂದರೆ ಕೆಟ್ಟ ಹುಳಿ. ನನ್ನ ಅಳಿಯನ ದಾಸ್ತಾನು ಕೋಣೆಯೂ ತಾರಸಿಯ ಕೆಳಗೆ, ಅಡುಗೆಮನೆಗೆ ಅಂಟಿಕೊಂಡಿದೆ. ಮೂವತ್ತು ಬಾಟಲಿಗಳಿಗೆ ಹಾಕಬೇಕಿದ್ದ ಹಣದಲ್ಲಿ ತಂಪುಪೆಟ್ಟಿಗೆಯೊಂದನ್ನು ಕೊಳ್ಳಲು ಒಪ್ಪಿಸಿದ್ದೇನೆ.

ಹನ್ನೆರಡರಲ್ಲಿ ಹನ್ನೊಂದಕ್ಕೆ ನಾವು ಒಪ್ಪಿದೆವು. ಜಗಳ ಉಳಿದದ್ದು ಕೊನೆಯದಕ್ಕೆ. ಬೆಂಗಳೂರು ನೀಲಿ ದ್ರಾಕ್ಷಿಯ ಸಿಹಿ ವೈನ್ ಒಂದಿರಲಿ ಎಂಬುದು ನನ್ನ ಹಟ. ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಸೀಮೆಯ ಈ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಇದನ್ನೇ ಒಂದು ಕಡೆಯ ಪೋಷಕ ತಳಿಯಾಗಿಟ್ಟು ‘ಅರ್ಕಾ ಶ್ಯಾಮ್’ ರೂಪಿಸಿದರು. ಆದರೆ ಇದರ ಗಾಢ ಕಸ್ತೂರಿ ವಾಸನೆ ವೈನ್ ಬಲ್ಲವರಿಗೆ ಸೇರದು. ಬೆಳೆದದ್ದು ಹೆಚ್ಚಾಗಿ ಜ್ಯೂಸಿಗೆ, ಅಗ್ಗದ ಸಿಹಿ ವೈನಿಗೆ ಹೋಗುತ್ತದೆ. ರೈತನಿಗೆ ಸಿಗುವ ಬೆಲೆಯೂ ಅಷ್ಟಕ್ಕಷ್ಟೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಚಪ್ಪರವಿದ್ದ ಎಷ್ಟೋ ಜಮೀನಿನಲ್ಲಿ ಈಗ ನಿವೇಶನದ ಕಲ್ಲುಗಳಿವೆ. ಒಂದು ಪಬ್ಬಿನ ಪಟ್ಟಿಯಿಂದ ಅದು ನಿಲ್ಲುತ್ತದೆಂಬ ಭ್ರಮೆ ನನಗಿಲ್ಲ. ಊಟದ ಕೊನೆಗೆ, ಚೆನ್ನಾಗಿ ತಣಿಸಿ, 60 ಮಿಲಿ ಲೀಟರಿನ ಸಣ್ಣ ಲೋಟದಲ್ಲಿ ಕೊಟ್ಟರೆ ಹೋಳಿಗೆಯ ಜೊತೆ ಅದು ಸೊಗಸಾಗಿರುತ್ತದೆ ಎಂಬುದಷ್ಟೇ ನನ್ನ ವಾದ.

“ಮಾಮ, ಜನ ನಗ್ತಾರೆ” ಎಂದ. ರುಚಿ ನೋಡಿದ ಮೇಲೆ ಅರ್ಧ ಒಪ್ಪಿದ. ಮೊನ್ನೆ ಅಚ್ಚಿನ ಕರಡು ತಂದುಕೊಟ್ಟ. ಒಂದೇ ಹಾಳೆ, ಹನ್ನೆರಡು ಸಾಲು. ಕೊನೆಯ ಸಾಲಿನಲ್ಲಿ ‘ಡೆಸರ್ಟ್ ವೈನ್, ಸ್ಥಳೀಯ’ ಎಂದಷ್ಟೇ ಇದೆ. ಅದನ್ನು ಹೊಡೆದುಹಾಕಿ ‘ಬೆಂಗಳೂರು ನೀಲಿ’ ಎಂದು ಕೆಂಪು ಶಾಯಿಯಲ್ಲಿ ಬರೆದು ಹಿಂದಿರುಗಿಸಿದ್ದೇನೆ.