ಎನ್‌ಫೀಲ್ಡಿನ ಕೋವಿ, ಸಿಪಾಯಿಯ ಮೇಲಿನ ನಂಬಿಕೆ

ಕರ್ನಾಟಕದಲ್ಲಿ ಎನ್‌ಫೀಲ್ಡ್ ಎಂದೊಡನೆ ನೆನಪಾಗುವುದು ಗುಡುಗುಡು ಸದ್ದಿನ ಬುಲೆಟ್ ಮೋಟಾರು ಸೈಕಲ್. ಆ ಹೆಸರಿನ ಮೂಲವಾದರೋ ಗ್ರೇಟರ್ ಲಂಡನ್ನಿನ ಉತ್ತರದಂಚಿನಲ್ಲಿ, ಲೀ ನದಿಯ ದಡದಲ್ಲಿದ್ದ ಒಂದು ಬಂದೂಕಿನ ಕಾರ್ಖಾನೆ. ಅದಕ್ಕೆ ಬಿಡಿಭಾಗಗಳನ್ನು ಒದಗಿಸುತ್ತಿದ್ದ ರೆಡ್ಡಿಚ್ ಊರಿನ ಕಂಪನಿಯೊಂದು ತನ್ನ ಸೈಕಲ್ಲುಗಳಿಗೆ ರಾಯಲ್ ಎನ್‌ಫೀಲ್ಡ್ ಎಂದು ಹೆಸರಿಟ್ಟುಕೊಂಡಿತು.

1816ರಲ್ಲಿ ಆರಂಭವಾದ ಈ ರಾಯಲ್ ಸ್ಮಾಲ್ ಆರ್ಮ್ಸ್ ಫ್ಯಾಕ್ಟರಿಗೆ 1850ರ ದಶಕದಲ್ಲಿ ಅಮೆರಿಕದ ಯಂತ್ರಗಳು ಬಂದವು. ಒಂದು ಬಂದೂಕಿನ ಭಾಗವನ್ನು ಮತ್ತೊಂದಕ್ಕೆ ಜೋಡಿಸಬಹುದಾದ ನಿಖರತೆ ಅಲ್ಲಿ ಸಾಧ್ಯವಾಯಿತು. 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾದ ಗೀರುಗಳಿದ್ದವು. ಗುಂಡು ಗಿರಗಿರನೆ ತಿರುಗುತ್ತಾ ಹೊರಟು, ದೂರದ ಗುರಿಯನ್ನೂ ತಲಪುತ್ತಿತ್ತು. ಇದರ ಕಾಗದದ ತೋಟಾಕ್ಕೆ ಸವರಿದ ಕೊಬ್ಬಿನ ವಿಚಾರವೇ 1857ರ ದಂಗೆಗೆ ಕಿಡಿಯಾದುದು ಎಲ್ಲರೂ ಬಲ್ಲ ಸಂಗತಿ.

ಅನಂತರ ನಡೆದುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಬ್ರಿಟಿಷರು ಭಾರತೀಯ ಸಿಪಾಯಿಗೆಂದೇ ಬೇರೊಂದು ಬಂದೂಕನ್ನು ಮಾಡಿಸಿದರು. ಹೊರನೋಟಕ್ಕೆ ಅದು ಎನ್‌ಫೀಲ್ಡೇ. ಆದರೆ ನಳಿಗೆಯೊಳಗೆ ಸುರುಳಿಗೀರುಗಳಿರಲಿಲ್ಲ. ಗುರಿ ದೂರ ಹೋಗದು, ಸಿಪಾಯಿ ತಿರುಗಿಬಿದ್ದರೂ ಭಯವಿಲ್ಲ. ಗೋರಾ ಸೈನಿಕನಿಗೆ ಹೊಸದು, ಸಿಪಾಯಿಗೆ ಒಂದು ತಲೆಮಾರಿನಷ್ಟು ಹಳೆಯದು ಎಂಬ ನೀತಿ ದಶಕಗಳ ಕಾಲ ನಡೆಯಿತು.

ಇದೇ ಅಪನಂಬಿಕೆ ನಮ್ಮ ಹಳ್ಳಿಗಳನ್ನೂ ಮುಟ್ಟಿತು. 1857ರ ನಿಶ್ಶಸ್ತ್ರೀಕರಣ ಕಾಯಿದೆಯನ್ವಯ ಆಯುಧ ಒಪ್ಪಿಸಲು ಮುಧೋಳ ಬಳಿಯ ಹಲಗಲಿಯ ಬೇಡರು ನಿರಾಕರಿಸಿದರು. ಸೈನ್ಯ ಊರನ್ನೇ ಸುಟ್ಟಿತು. ಜಡಗ, ಬಾಲ ಮೊದಲಾದವರನ್ನು ಗಲ್ಲಿಗೇರಿಸಲಾಯಿತು. ಇತ್ತ 1861ರಲ್ಲಿ ಕೊಡವರಿಗೆ ಮಾತ್ರ ಕೋವಿ ಇಟ್ಟುಕೊಳ್ಳಲು ವಿನಾಯಿತಿ ದೊರೆಯಿತು. ಅದು ಇಂದಿಗೂ ಉಳಿದಿದೆ. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲುತ್ತದೆ. ಯಾರನ್ನು ನಂಬಬೇಕು, ಯಾರನ್ನು ನಂಬಬಾರದು ಎಂಬುದನ್ನು ಆಳುವವರು ಕೋವಿಯ ಮೂಲಕವೇ ಬರೆದಿಟ್ಟಂತಿದೆ.

1895ರಲ್ಲಿ ಲೀ-ಎನ್‌ಫೀಲ್ಡ್ ಬಂದಿತು. ಇಲ್ಲಿನ 'ಲೀ' ನದಿಯ ಹೆಸರಲ್ಲ. ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಜೇಮ್ಸ್ ಪ್ಯಾರಿಸ್ ಲೀ ಎಂಬ ಶೋಧಕನದು. ಹತ್ತು ಗುಂಡುಗಳ ಈ 'ತ್ರೀ ನಾಟ್ ತ್ರೀ' ರೈಫಲ್ ನಮ್ಮ ಪೊಲೀಸ್ ಠಾಣೆಗಳ ಮೂಲಕ ಎಲ್ಲರಿಗೂ ಪರಿಚಿತ. 1914ರಲ್ಲಿ ಫ್ರಾನ್ಸಿಗೆ ಬಂದಿಳಿದ ಭಾರತೀಯ ಸೈನಿಕರು ಹಳೆಯ ರೈಫಲ್ಲುಗಳನ್ನು ಮಾರ್ಸೇಯಲ್ಲಿ ಒಪ್ಪಿಸಿ ಹೊಸ ಮಾದರಿಯನ್ನು ಪಡೆದರು. ಪ್ರಾಣ ಕೊಡಬೇಕಾದ ಗಳಿಗೆ ಬಂದಾಗ ನಂಬಿಕೆಯೂ ಬಂದಿತೆನ್ನಬೇಕು. ಗಾಯಗೊಂಡವರಲ್ಲಿ ಅನೇಕರು ಬ್ರೈಟನ್ನಿನ ಅರಮನೆಯಲ್ಲಿ ತೆರೆದ ಆಸ್ಪತ್ರೆಗೆ ಬಂದರು.

ವೈದ್ಯನಾಗಿ ನನ್ನ ಗಮನ ಹರಿಯುವುದು ನಳಿಗೆಯ ಇನ್ನೊಂದು ತುದಿಯತ್ತ. ಕಲ್ಕತ್ತೆಯ ಡಮ್‌ಡಮ್‌ನಲ್ಲಿ ತಯಾರಾದ, ದೇಹದೊಳಗೆ ಅರಳಿಕೊಳ್ಳುವ ಗುಂಡಿನಂಥವನ್ನು 1899ರ ಹೇಗ್ ಸಮ್ಮೇಳನ ನಿಷೇಧಿಸಿತು. ಆದರೆ 1910ರ ಹೊಸ ಗುಂಡಿನ ಚೂಪು ತುದಿಯೊಳಗೆ ಹಗುರವಾದ ಅಲ್ಯೂಮಿನಿಯಂ ಇತ್ತು, ಭಾರವೆಲ್ಲ ಹಿಂಭಾಗದಲ್ಲಿ. ಆದುದರಿಂದ ಅದು ಮಾಂಸದೊಳಗೆ ಹೊರಳಿ, ಒಳಹೊಕ್ಕ ತೂತಿಗಿಂತ ಬಹು ದೊಡ್ಡ ಗಾಯವನ್ನು ಮಾಡುತ್ತಿತ್ತು. ನಿಯಮದ ಅಕ್ಷರ ಉಳಿಯಿತು, ಆಶಯ ಉಳಿಯಲಿಲ್ಲ.

ಸ್ವತಂತ್ರ ಭಾರತವೂ ಈ ಪರಂಪರೆಯ ಬೆಲೆ ತೆತ್ತಿದೆ. 1962ರ ಹಿಮಾಲಯದಲ್ಲಿ ನಮ್ಮ ಯೋಧರು ಪ್ರತಿ ಹೊಡೆತಕ್ಕೂ ಬೋಲ್ಟ್ ಎಳೆಯಬೇಕಾದ ತ್ರೀ ನಾಟ್ ತ್ರೀ ಹಿಡಿದು, ಸ್ವಯಂಚಾಲಿತ ಆಯುಧಗಳ ಎದುರು ನಿಂತರು. ಆಮೇಲೆ ಈಶಾಪುರದ ಎಸ್‌ಎಲ್‌ಆರ್, 1990ರ ದಶಕದಲ್ಲಿ ಇನ್ಸಾಸ್, ಈಗ ಅಮೇಠಿಯ ಕೋರ್ವಾದಲ್ಲಿ ತಯಾರಾಗುವ ಎಕೆ-203 ಬಂದಿವೆ.

ಎನ್‌ಫೀಲ್ಡ್ ಕಾರ್ಖಾನೆ 1988ರಲ್ಲಿ ಮುಚ್ಚಿತು. ಅಲ್ಲೀಗ ಮನೆಗಳೆದ್ದಿವೆ, ಗಡಿಯಾರದ ಗೋಪುರವುಳ್ಳ ಹಳೆಯ ಯಂತ್ರಶಾಲೆ ಉಳಿದಿದೆ. ಲಂಡನ್ನಿಗೆ ಬರುವ ಕನ್ನಡಿಗರು ಟವರಿನಲ್ಲಿ ಕೊಹಿನೂರ್ ಕಂಡಮೇಲೆ, ಎನ್‌ಫೀಲ್ಡ್ ಲಾಕ್ ನಿಲ್ದಾಣದಲ್ಲಿ ಇಳಿದು ಇಲ್ಲಿಗೂ ಬರಬಹುದು. ಕಾಲುವೆಯ ಬದಿಯಲ್ಲಿ ಬಾತುಕೋಳಿಗಳು ಈಜುವ ಈ ಶಾಂತ ಸ್ಥಳಕ್ಕೂ ಹಲಗಲಿಯ ಬೂದಿಗೂ ಒಂದು ನಂಟಿದೆ ಎಂಬುದನ್ನು ಅಲ್ಲಿನ ಮಕ್ಕಳಿಗೂ ನಮ್ಮ ಮಕ್ಕಳಿಗೂ ಹೇಳಬೇಕಾದವರು ನಾವೇ.