ತಲೆಯ ಗೆರೆ, ಅಡಿಯ ಚುಕ್ಕೆ

ಸಂಸ್ಕೃತ ಕನ್ನಡಗಳನ್ನು ರೋಮನ್ ಲಿಪಿಯಲ್ಲಿ ಬರೆಯುವಾಗ 'ಎಸ್' ಅಕ್ಷರದ ಅಡಿಗೆ ಚುಕ್ಕೆಯಿಟ್ಟು ಷಕಾರವನ್ನು ಸೂಚಿಸುವುದು ವಾಡಿಕೆ. ಚುಕ್ಕೆ ಹೋಯಿತೆಂದರೆ ಷಕಾರ ಸಕಾರವಾಯಿತು! ಗಣಕಯಂತ್ರದ ಫಾಂಟುಗಳಲ್ಲಿ ಇಂತಹ ಚಿಹ್ನೆಗಳು ಸ್ಥಾನ ತಪ್ಪುವುದೇಕೆ?

ಯೂನಿಕೋಡಿನಲ್ಲಿ ಚುಕ್ಕೆಸಹಿತವಾದ 'ಎಸ್'ಗೆ ಒಂದೇ ಸಂಕೇತವುಂಟು. ಅಕ್ಷರವನ್ನೂ ಚುಕ್ಕೆಯನ್ನೂ ಬೇರೆಬೇರೆಯಾಗಿ ಕೊಟ್ಟು ಕೂಡಿಸಲೂ ಬಹುದು. ಇಡಿಯಾಗಿರುವುದನ್ನು ಫಾಂಟು ರಚಿಸುವವರು ಕಣ್ಣಳತೆಯಲ್ಲೇ ತಿದ್ದಬಲ್ಲರು. ಕೂಡಿಸುವುದಕ್ಕಾದರೋ ಅಕ್ಷರದಲ್ಲೊಂದು, ಚಿಹ್ನೆಯಲ್ಲೊಂದು 'ಆಂಕರ್' ಎಂಬ ಗುರುತು ಬೇಕು. ಆ ಗುರುತುಗಳೆರಡೂ ಒಂದರ ಮೇಲೊಂದು ಬಿದ್ದರೆ ಚಿಹ್ನೆ ಸ್ವಸ್ಥಾನ ಸೇರುತ್ತದೆ.

ಪರೀಕ್ಷೆಗೆ 'ಕೃಷ್ಣ' ಎಂಬ ಹೆಸರೇ ಸಾಕು. 2001ರ ಐಎಸ್ಓ 15919 ಕ್ರಮದಂತೆ ಋಕಾರಕ್ಕೆ 'ಆರ್' ಅಡಿಯಲ್ಲಿ ಪುಟ್ಟ ಸೊನ್ನೆ. ಇದಕ್ಕೆ ಯೂನಿಕೋಡಿನಲ್ಲಿ ಇಡಿಯ ಸಂಕೇತವೇ ಇಲ್ಲ. ಷ, ಣಗಳ ಚುಕ್ಕೆಗಳು ನೆಟ್ಟಗಿದ್ದು ಈ ಸೊನ್ನೆ ಮಾತ್ರ ಜಾರಿದ್ದರೆ ದೋಷ ಬಹುಮಟ್ಟಿಗೆ ಆಂಕರಿನದೇ. 'ಆರ್' ಬಲಕ್ಕೆ ಚಾಚಿದ ಅಕ್ಷರವಾದ್ದರಿಂದ ಆಂಕರನ್ನು ಅಗಲದ ನಟ್ಟನಡುವೆ ಇಡದೆ ಕಂಬದ ಬುಡದಲ್ಲಿಡುವುದು ಲೇಸು. ಇಲ್ಲಿ ಅಳತೆಪಟ್ಟಿಗಿಂತ ಕಣ್ಣನ್ನು ನಂಬಬೇಕು.

ಈಕಾರದ ತೊಡಕೇ ಬೇರೆ. 'ಐ' ಅಕ್ಷರಕ್ಕೆ ಮೊದಲೇ ತಲೆಯ ಮೇಲೊಂದು ಚುಕ್ಕೆಯಿದೆ; ಅದನ್ನು ತೆಗೆಯದೆ ದೀರ್ಘದ ಗೆರೆ ಎಳೆದರೆ ಎರಡೂ ಅಂಟಿಕೊಳ್ಳುತ್ತವೆ. ಚುಕ್ಕೆಯಿಲ್ಲದ 'ಐ'ಯನ್ನು ಫಾಂಟಿನಲ್ಲಿ ಪ್ರತ್ಯೇಕವಾಗಿ ರಚಿಸಿಟ್ಟು, ಗೆರೆ ಬಂದಾಗ ಅದೇ ಬರುವಂತೆ ವಿಧಿಸಬೇಕು.